ಆ ಮೂರು ಸಾವಿರದಲ್ಲಿ ನನ್ನ ನಲವತ್ತು ರೂಪಾಯಿ

ಸರ್ಕಾರದ ಸಂಬಳ ಪಡೆಯುವ, ಇಲ್ಲವೇ ಸರ್ಕಾರದ ಕಾರ್ಡಿನ ಮೇಲೆ ಹಣ ಪಡೆಯುವ ಎಲ್ಲ ಡಾಕ್ಟರುಗಳಿಗೆ,



ನಾನು 1987ರಲ್ಲಿ ಕೆಲಸಕ್ಕೆ ಸೇರಿ 2020ರಲ್ಲಿ ನಿವೃತ್ತನಾದ ಸರ್ಕಾರಿ ಫಾರ್ಮಸಿಸ್ಟ್. ಹಳ್ಳಿಯವರ ಬಾಯಲ್ಲಿ ಕೊನೆಯ ದಿನದವರೆಗೂ ‘ಕಾಂಪೋಂಡ್ರು’. ಮೂವತ್ಮೂರು ವರ್ಷಗಳಲ್ಲಿ ನಾಲ್ಕು ಆಸ್ಪತ್ರೆ ಕಂಡೆ. ಹೆಚ್ಚು ಕಾಲ ಇದ್ದದ್ದು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ನಿಮ್ಮ ಕೈಬರಹ ಓದಿ ಓದಿಯೇ ಕನ್ನಡಕದ ನಂಬರು ಏರಿತು ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ನೀವು ಬರೆದುಕೊಟ್ಟ ಚೀಟಿ ನನ್ನ ಕಿಟಕಿಗೆ ಬರುತ್ತಿತ್ತು. ಬರೆಯದೆ ಬಾಯಲ್ಲಿ ಹೇಳಿ ಕಳಿಸಿದ ಕೆಲವು ಸಂಗತಿಗಳೂ ಸುತ್ತಿ ಬಳಸಿ ಅದೇ ಕಿಟಕಿಗೆ ಬರುತ್ತಿದ್ದವು. ಈ ಕಾಗದ ಅವುಗಳ ಬಗ್ಗೆ.

2013ರ ಮಳೆಗಾಲ. ಆ ವಾರ ನನಗೆ ರಾತ್ರಿ ಪಾಳಿ. ಹತ್ತು ಗಂಟೆ ಆಗಿತ್ತೇನೋ, ಒಬ್ಬ ಬಂದು ಕಿಟಕಿಯ ಮುಂದೆ ನಿಂತ. ಐವತ್ತರ ಆಸುಪಾಸು, ಹೆಗಲ ಮೇಲೆ ಒದ್ದೆ ಟವೆಲ್ಲು. ಕೈಯಲ್ಲಿ ಚೀಟಿ ಇರಲಿಲ್ಲ. ಅಂಗಿಯೊಳಗಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಹತ್ತರ, ಇಪ್ಪತ್ತರ, ಐವತ್ತರ ನೋಟುಗಳು, ನಡುವೆ ಒಂದಷ್ಟು ನೂರರವು. ಮಡಚಿ ಮಡಚಿ ಬಟ್ಟೆಯಂತೆ ಮೆತ್ತಗಾಗಿದ್ದವು.

“ಸಾ, ಐನೂರರ ನೋಟಿದ್ರೆ ಇದುನ್ನ ಬದ್ಲಾಯಿಸ್ಕೊಡ್ತೀರಾ?”

“ಎಷ್ಟೈತೆ?”

“ಮೂರು ಸಾವ್ರ. ಎಣಿಸಿವ್ನಿ ಸಾ.”

“ಈ ಹೊತ್ನಲ್ಲಿ ಐನೂರರ ನೋಟು ಯಾಕಪ್ಪಾ?”

ಅವನು ಒಂದು ಸಲ ಹಿಂದೆ ತಿರುಗಿ ಲೇಬರ್ ವಾರ್ಡಿನ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, “ಡಾಕ್ಟ್ರಿಗೆ ಚಿಲ್ರೆ ಕೊಟ್ರೆ ಚೆನ್ನಾಗಿರಲ್ಲ ಅಲ್ವಾ ಸಾ” ಅಂದ.

ಮಗಳ ಚೊಚ್ಚಲ ಹೆರಿಗೆ. ನೋವು ಬೆಳಗಿನಿಂದ ಇತ್ತು, ಸಂಜೆಯ ಹೊತ್ತಿಗೆ ಆಪರೇಷನ್ ಆಗಬೇಕು ಅಂದಿದ್ದರು. ಅನಸ್ತೇಶಿಯಾದವರು ಹೊರಗಿನಿಂದ ಬರಬೇಕು, ಅವರಿಗೂ ನಮಗೂ ಸೇರಿ ಇಷ್ಟು ನೋಡಿಕೊಳ್ಳಿ ಎಂದು ಮಾತು ಬಂದಿತ್ತು. ಅವನು ಊರಿಗೆ ಹೋಗಿ, ಡೈರಿಯವರ ಹತ್ತಿರ, ಅಂಗಡಿಯವರ ಹತ್ತಿರ, ಹೆಂಡತಿಯ ಸ್ತ್ರೀಶಕ್ತಿ ಸಂಘದವರ ಹತ್ತಿರ ಕೈಯೊಡ್ಡಿ ಕೂಡಿಸಿಕೊಂಡು ಬಂದಿದ್ದ. ನಾನು ಎಣಿಸಿದೆ. 2,960 ಇತ್ತು. ಮೂರು ಐನೂರು ನನ್ನ ಜೇಬಿನಲ್ಲಿದ್ದವು, ಉಳಿದ ಮೂರನ್ನು ಓಪಿ ಚೀಟಿ ಕೌಂಟರಿನ ಹುಡುಗನಿಂದ ತಂದೆ. ಕಡಿಮೆ ಬಿದ್ದ ನಲವತ್ತು ರೂಪಾಯಿ ನಾನೇ ಹಾಕಿದೆ. ಅವನು ಕೈ ಮುಗಿದ. ಒಂದು ಉಪಕಾರ ಮಾಡಿದೆ ಅನ್ನುವ ಸಮಾಧಾನದಲ್ಲಿ ಆ ರಾತ್ರಿ ನಾನು ಟೀ ಕುಡಿದದ್ದೂ ನೆನಪಿದೆ.

ಈಗ ಹೇಳುತ್ತೇನೆ, ಆಗ ಅವನಿಗೆ ಹೇಳದೇ ಇದ್ದದ್ದನ್ನು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ನಮ್ಮ ಭಾಷೆಯಲ್ಲಿ ಜೆಎಸ್‌ಎಸ್‌ಕೆ, 2011ರ ಜೂನ್ 1ರಂದು ಶುರುವಾಗಿತ್ತು. ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಬಂದ ಯಾವ ಹೆಂಗಸಿನಿಂದಲೂ ಒಂದು ಪೈಸೆ ತೆಗೆದುಕೊಳ್ಳುವ ಹಾಗಿಲ್ಲ. ಹೆರಿಗೆ ಉಚಿತ, ಸಿಸೇರಿಯನ್ ಉಚಿತ, ಔಷಧಿ, ದಾರ, ಸೂಜಿ, ಗ್ಲೌಸು, ರಕ್ತ ಪರೀಕ್ಷೆ, ಸ್ಕ್ಯಾನಿಂಗು, ಬೇಕಾದರೆ ರಕ್ತದ ಬಾಟಲಿ, ಎಲ್ಲ ಉಚಿತ. ಸಾಮಾನ್ಯ ಹೆರಿಗೆಯಾದರೆ ಮೂರು ದಿನ ಊಟ, ಸಿಸೇರಿಯನ್ ಆದರೆ ಏಳು ದಿನ. ಮನೆಯಿಂದ ಕರೆತರುವ ಗಾಡಿ, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಆ ಗಾಡಿ, ವಾಪಸ್ಸು ಮನೆಗೆ ಬಿಡುವ ಗಾಡಿ. ಹುಟ್ಟಿದ ಕೂಸಿಗೆ ಕಾಯಿಲೆಯಾದರೆ ಅದರ ಚಿಕಿತ್ಸೆಯೂ. ಬಿಪಿಎಲ್ ಕಾರ್ಡು ಕೂಡ ಕೇಳಬೇಕಿಲ್ಲ. ಹೊರಗಿನಿಂದ ಅನಸ್ತೇಶಿಯಾದವರನ್ನು ಕರೆಸಿದರೆ ಅವರಿಗೆ ಕೊಡಬೇಕಾದವರು ಆಸ್ಪತ್ರೆಯವರು, ಬಸುರಿಯ ಅಪ್ಪನಲ್ಲ.

ಇದನ್ನೆಲ್ಲ ಬರೆದ ಬೋರ್ಡು ನಮ್ಮ ಆಸ್ಪತ್ರೆಯಲ್ಲೇ ಇತ್ತು, ಲೇಬರ್ ವಾರ್ಡಿಗೆ ಹೋಗುವ ಪ್ಯಾಸೇಜಿನಲ್ಲಿ, ಗೋಡೆಗೆ ಹೊಡೆದಿದ್ದರು. ಅದರ ಮುಂದೆ ಆಳೆತ್ತರಕ್ಕೆ ಸಲೈನ್ ಬಾಕ್ಸುಗಳು. ಪೇರಿಸಿದವನು ನಾನೇ. ಸ್ಟೋರ್ ರೂಮು ಸೋರುತ್ತಿತ್ತು, ಬೇರೆ ಜಾಗ ಇರಲಿಲ್ಲ ಅನ್ನುವುದು ನನ್ನ ಸಬೂಬು. ‘ಉಚಿತ’ ಅನ್ನುವ ಪದದ ‘ಉ’ ಮಾತ್ರ ಬಾಕ್ಸಿನ ಮೇಲೆ ಕಾಣುತ್ತಿತ್ತು.

ನಿಮ್ಮಲ್ಲಿ ಎಲ್ಲರೂ ಹೀಗೆ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ಹುಳ ಬೀಳುತ್ತದೆ ನಾಲಗೆಗೆ. ಒಬ್ಬರೇ ಡಾಕ್ಟರು ಇಡೀ ರಾತ್ರಿ ಮೂರು ಹೆರಿಗೆ, ಒಂದು ವಿಷ ಕುಡಿದ ಕೇಸು, ಒಂದು ಬೈಕ್ ಆಕ್ಸಿಡೆಂಟು ನೋಡಿ, ಬೆಳಿಗ್ಗೆ ಮುಖ ತೊಳೆದು ಅದೇ ಅಂಗಿಯಲ್ಲಿ ಓಪಿಗೆ ಕೂತದ್ದನ್ನು ನಾನು ಕಂಡಿದ್ದೇನೆ. ರೋಗಿ ಸತ್ತರೆ ನೆಂಟರು ಕಾಲರ್ ಹಿಡಿಯುವುದು ಡಾಕ್ಟರದ್ದೇ. ಔಷಧಿ ಸಕಾಲಕ್ಕೆ ಕಳಿಸದ ಬೆಂಗಳೂರಿನ ಅಧಿಕಾರಿಯ ಕಾಲರನ್ನು ಯಾರೂ ಹಿಡಿಯುವುದಿಲ್ಲ. ಇದೆಲ್ಲ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಒಂದು ಮಾತು. ಈ ವಿಷಯ ಯಾವಾಗ ಬಂದರೂ ನಿಮ್ಮ ಕಡೆಯಿಂದ ಬರುವ ಮೊದಲ ಉತ್ತರ ಅದೇ: “ನಾವೇನು ಕೇಳಲ್ಲ ರೀ, ಅವರೇ ಖುಷಿಯಿಂದ ಕೊಡ್ತಾರೆ.” ಡಾಕ್ಟರರ ಬಾಯಲ್ಲಿ ಅದು ‘ಖುಷಿಯಿಂದ’. ಆಯಾ, ಗ್ರೂಪ್ ಡಿ ಹುಡುಗರ ಬಾಯಲ್ಲಿ ‘ಖುಷಿ ಕೊಡಿ’. ಗಂಡು ಹುಟ್ಟಿದರೆ ಇಷ್ಟು ಖುಷಿ, ಹೆಣ್ಣು ಹುಟ್ಟಿದರೆ ಅದಕ್ಕಿಂತ ಕಮ್ಮಿ ಖುಷಿ. ಬೆಂಗಳೂರಿನ ಪಾಲಿಕೆ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ಈ ವಸೂಲಿಯನ್ನು ಪಬ್ಲಿಕ್ ಅಫೇರ್ಸ್ ಸೆಂಟರಿನವರು ಸಮೀಕ್ಷೆ ಮಾಡಿ ಬೆಳಕಿಗೆ ತಂದು ಎರಡು ದಶಕವೇ ದಾಟಿತು. ಲಂಚಕ್ಕೆ ನಮ್ಮ ಜನ ಇಟ್ಟ ಹೆಸರು ಹಲವಿವೆ: ಮಾಮೂಲು, ಕೈಬಿಸಿ, ಟೀ ಕಾಸು. ಆಸ್ಪತ್ರೆಯಲ್ಲಿ ಮಾತ್ರ ಅದಕ್ಕೆ ಖುಷಿ ಅನ್ನುವ ಹೆಸರು ಹೇಗೆ ಬಂತೋ, ಇಟ್ಟವನು ಬಲು ಜಾಣ.

ನಾನು ಕಿಟಕಿಯೊಳಗೆ ಕೂತು ಕಂಡ ಖುಷಿಯನ್ನು ಹೇಳುತ್ತೇನೆ. ಖುಷಿಯಾದವನು ಕೂಸು ಹುಟ್ಟಿದ ಮೇಲೆ ಕೊಡುತ್ತಾನೆ, ಹುಟ್ಟುವ ಮುಂಚೆ ಅಲ್ಲ. ಪೇಡೆ ಡಬ್ಬಿ ತರುತ್ತಾನೆ, ಹೊಲದ ಅವರೆಕಾಯಿ ತರುತ್ತಾನೆ, ಎಲ್ಲರೆದುರಿಗೆ ಕೊಡುತ್ತಾನೆ. ಕಾಂಪೋಂಡ್ರಿಗೂ ಎರಡು ಪೇಡೆ ಸಿಗುತ್ತದೆ. ಹಿಂದೆ ತಿರುಗಿ ನೋಡಿ ದನಿ ತಗ್ಗಿಸುವುದಿಲ್ಲ. ನೂರಕ್ಕೆ ಐದರ ಬಡ್ಡಿಗೆ ಯಾರೂ ಖುಷಿಯನ್ನು ಸಾಲ ತರುವುದಿಲ್ಲ. ಆ ಮೂರು ಸಾವಿರಕ್ಕೆ ತಿಂಗಳಿಗೆ ನೂರೈವತ್ತು ಬಡ್ಡಿ. ಅಸಲು ತೀರುವ ಹೊತ್ತಿಗೆ ಮಗು ನಡೆಯಲು ಕಲಿತಿರುತ್ತದೆ.

ಇನ್ನು ಕೇಳುವುದು, ಕೇಳದಿರುವುದು. ನೀವು ಬಾಯಿಬಿಟ್ಟು ಕೇಳಲಿಲ್ಲ, ಒಪ್ಪಿದೆ. ಕೇಳಿದ್ದು ಸಿಸ್ಟರ್ ಇರಬಹುದು, ಓಟಿ ಬಾಯ್ ಇರಬಹುದು. ನೀವು ಮಾಡಿದ್ದು ಇಷ್ಟೇ: “ಕಾಯಬೇಕು, ಅನಸ್ತೇಶಿಯಾದವರು ಇನ್ನೂ ಬಂದಿಲ್ಲ” ಅಂದು ರೂಮಿಗೆ ಹೋದಿರಿ. ಉಳಿದದ್ದನ್ನು ವಾರ್ಡಿನ ಗೋಡೆಗಳೇ ಹೇಳಿದವು. ನೋವು ತಿನ್ನುತ್ತಿರುವ ಮಗಳ ಅಪ್ಪನಿಗೆ ಡಾಕ್ಟರ ಮುಖದ ಒಂದು ಗೆರೆ ಸಾಕು. ನೀವು ಗಡಿಯಾರ ನೋಡಿದಿರಿ ಅಂದರೂ ಅವನು ಅದಕ್ಕೊಂದು ಅರ್ಥ ಹಚ್ಚಿ ಕವರು ಹುಡುಕುತ್ತಾನೆ. ನಿಮಗೆ ಗೊತ್ತಿರುವುದು, ಇದೆಲ್ಲ ಉಚಿತ ಅನ್ನುವುದು. ಅವನಿಗೆ ಅದು ಗೊತ್ತಿಲ್ಲ ಅನ್ನುವುದೂ ನಿಮಗೆ ಗೊತ್ತು. ನಿಮ್ಮ ಎಂಬಿಬಿಎಸ್ಸಿಗೆ, ಡಿಜಿಓಗೆ ಬೆಲೆ ಕಟ್ಟಿ ಅವನು ಆ ದುಡ್ಡು ಕೊಡಲಿಲ್ಲ. ಗೊತ್ತಿಲ್ಲದೇ ಇದ್ದದ್ದಕ್ಕೆ ಅವನು ಕಟ್ಟಿದ ದಂಡ ಅದು. ಪಕ್ಕದ ಹಾಸಿಗೆಯ ಮೇಷ್ಟ್ರ ಹೆಂಡತಿಯ ಹತ್ತಿರ ಯಾರೂ ಕೇಳಲಿಲ್ಲವಲ್ಲ, ಯಾಕೆ? ಮೇಷ್ಟ್ರಿಗೆ ಗೊತ್ತಿತ್ತು.

ದೂರು ಕೊಡಬಹುದಿತ್ತಲ್ಲ ಅಂತ ನಿಮ್ಮವರೇ ಒಬ್ಬರು ನನಗೆ ಹೇಳಿದರು. ಕಾನೂನು ಏನು ಹೇಳುತ್ತದೆ ನೋಡಿ. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. ಅದಕ್ಕೆ 2018ರಲ್ಲಿ ತಿದ್ದುಪಡಿ ಬಂತು. ಲಂಚ ಪಡೆದ ಸರ್ಕಾರಿ ನೌಕರನಿಗೆ ಮೂರರಿಂದ ಏಳು ವರ್ಷ ಜೈಲು. ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟವನಿಗೆ ವಿನಾಯಿತಿ ಉಂಟು, ಆದರೆ ಕೊಟ್ಟ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿರಬೇಕು. ಏಳು ದಿನ. ಸಿಸೇರಿಯನ್ ಆದವಳಿಗೆ ಆಸ್ಪತ್ರೆಯ ಊಟ ಎಷ್ಟು ದಿನ ಅಂದೆ? ಅದೂ ಏಳು. ಅಂದರೆ ಈಗ ಅಂಥ ಅಪ್ಪನಿಗೆ ಕಾನೂನು ಕೊಡುವ ಆ ಒಂದು ವಾರ ಪೂರ್ತಿ ಅವನ ಮಗಳು ನಿಮ್ಮ ವಾರ್ಡಿನಲ್ಲಿ, ನಿಮ್ಮ ಕೈಕೆಳಗೆ ಮಲಗಿರುತ್ತಾಳೆ. ಹೊಲಿಗೆ ನೋಡುವವರು ನೀವು, ಡಿಸ್ಚಾರ್ಜ್ ಬರೆಯುವವರು ನೀವು. ಯಾವ ಅಪ್ಪ ಆ ವಾರದಲ್ಲಿ ಲೋಕಾಯುಕ್ತ ಪೊಲೀಸರ ಬಾಗಿಲು ತಟ್ಟುತ್ತಾನೆ? ಎಂಟನೆಯ ದಿನ ಅವನು ಮನೆಗೆ ಹೋಗುತ್ತಾನೆ. ಅಷ್ಟು ಹೊತ್ತಿಗೆ ಅವನೇ ಆರೋಪಿ.

ಲೋಕಾಯುಕ್ತ ಅಂದ ಕೂಡಲೇ ನನಗೆ ನ್ಯಾಯಮೂರ್ತಿ ವೆಂಕಟಾಚಲ ಅವರ ಕಾಲ ನೆನಪಾಗುತ್ತದೆ. 2001ರಿಂದ 2006ರವರೆಗೆ ಅವರು ಲೋಕಾಯುಕ್ತರಾಗಿದ್ದರು. ದಿಢೀರನೆ ಆಸ್ಪತ್ರೆಗೆ ನುಗ್ಗುತ್ತಿದ್ದರು, ಹಿಂದೆ ಟಿವಿಯವರು. ಪಕ್ಕದ ತಾಲ್ಲೂಕಿಗೆ ಬಂದಿದ್ದಾರಂತೆ ಅನ್ನುವ ಸುದ್ದಿಗೇ ನಮ್ಮ ವಾರ್ಡಿನ ಬೆಡ್‌ಶೀಟುಗಳು ಬದಲಾಗುತ್ತಿದ್ದವು, ಹಾಜರಿ ಪುಸ್ತಕದಲ್ಲಿ ಸಹಿಗಳು ಮೂಡುತ್ತಿದ್ದವು. ಒಂದು ದಿನ ಇಡೀ ನಾನು ಸ್ಟಾಕ್ ಬುಕ್ಕು ಹಿಡಿದು ಕೂತೆ, ಯಾರೂ ಬರಲಿಲ್ಲ. ಆ ದಿನ ಒಂದೇ ಒಂದು ಹೊರಗಿನ ಚೀಟಿಯೂ ವಾರ್ಡಿನಿಂದ ಹೊರಬೀಳಲಿಲ್ಲ! ಔಷಧಿ ಎಲ್ಲ ನಮ್ಮಲ್ಲೇ ಇತ್ತು ಅನ್ನುವುದು ಆ ದಿನ ಎಲ್ಲರಿಗೂ ನೆನಪಾಗಿತ್ತು.

ಅದೇ ಸುಮಾರಿಗೆ, 2001ರಲ್ಲಿ, ರಾಜ್ಯದ ಆರೋಗ್ಯ ಕಾರ್ಯಪಡೆ ತನ್ನ ವರದಿ ಕೊಟ್ಟಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅದರ ಅಧ್ಯಕ್ಷರು. ಆರೋಗ್ಯದ ವರದಿ ಅಂದರೆ ಹಾಸಿಗೆ ಎಷ್ಟು, ಡಾಕ್ಟರು ಎಷ್ಟು ಅನ್ನುವ ಲೆಕ್ಕ ಇರುತ್ತದೆ ಎಂದುಕೊಂಡಿದ್ದೆ. ಅವರು ಸಮಾನತೆ, ಗುಣಮಟ್ಟಗಳ ಜೊತೆಗೆ ಪ್ರಾಮಾಣಿಕತೆಯನ್ನೂ ಶೀರ್ಷಿಕೆಗೇ ಏರಿಸಿದ್ದರು. ಆಮೇಲೆ ಸುದರ್ಶನ್ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ವಿಜಿಲೆನ್ಸ್ ಹೊಣೆಯನ್ನೂ ಹೊತ್ತರು. ನೆನಪಿರಲಿ, ಅವರೂ ನಿಮ್ಮಂತೆ ಡಾಕ್ಟರೇ. ಈ ರೋಗವನ್ನು ಗುರುತಿಸಲು ಹೊರಗಿನವರು ಬರಬೇಕಾಗಿರಲಿಲ್ಲ.

ಹೊರಗಿನ ಚೀಟಿ ಅಂದೆನಲ್ಲ, ಅದು ನನ್ನ ಇಲಾಖೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಸ್ಪತ್ರೆಯ ಓಪಿ ಚೀಟಿಯಲ್ಲಿ ಬರೆದದ್ದಕ್ಕೆ ದಾಖಲೆ ಉಂಟು. ಹೊರಗೆ ತರುವ ಔಷಧಿಯನ್ನು ನೀವು ಅದರಲ್ಲಿ ಬರೆಯುವುದಿಲ್ಲ. ಯಾವುದೋ ಔಷಧಿ ಕಂಪನಿಯ ರೆಪ್ಪು ಕೊಟ್ಟುಹೋದ ಅಂಗೈಯಗಲದ ಪ್ಯಾಡು, ಅದರ ಮೇಲೆ ಐದಾರು ಸಾಲು. ಹೆಸರಿಲ್ಲ, ತಾರೀಖಿಲ್ಲ, ಸಹಿಯಿಲ್ಲ. ರೋಗಿಯ ಕಡೆಯವರು ಅದನ್ನು ಮೊದಲು ನನ್ನ ಕಿಟಕಿಗೇ ತರುತ್ತಿದ್ದರು. ನೋಡಿದರೆ ಅರ್ಧದಷ್ಟು ನನ್ನ ಬೀರುವಿನಲ್ಲೇ ಇರುತ್ತಿತ್ತು. ಸ್ಪೈನಲ್ ಸೂಜಿ ಇದೆ, ಸೆಫ್‌ಟ್ರಯಾಕ್ಸೋನ್ ಇದೆ, ಹೊಲಿಗೆ ದಾರ ಇದೆ, ಕಂಪನಿ ಬೇರೆ ಅಷ್ಟೇ. “ಇದು ಇಲ್ಲೇ ಐತೆ ಕಣಮ್ಮ” ಅಂತ ಕೊಟ್ಟು ಕಳಿಸಿದರೆ ಹತ್ತು ನಿಮಿಷಕ್ಕೆ ಅದೇ ಚೀಟಿ ವಾಪಸ್ಸು: “ಅದು ಬ್ಯಾಡ್ವಂತೆ, ಇಂಥಾ ಅಂಗ್ಡೀದೇ ತರ್ಬೇಕಂತೆ.” ಎರಡು ಸಲ ಹೀಗಾದ ಮೇಲೆ ನಾನೂ ಕಲಿತೆ. ಚೀಟಿಯ ಮೂಲೆಯಲ್ಲಿ ಎನ್.ಎ. ಎಂದು ಗೀಚಿ ಕಳಿಸಿಬಿಡುತ್ತಿದ್ದೆ. ದೊರಕುವುದಿಲ್ಲ ಅಂತ. ಬೀರುವಿಗೆ ಬೆನ್ನು ಮಾಡಿ ಕೂತು ಬರೆದ ಆ ಎರಡು ಅಕ್ಷರಗಳಿಗೆ ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಒಂದು ಸ್ಟಾಕ್ ಬುಕ್ಕೇ ತುಂಬುತ್ತಿತ್ತು.

ಸರ್ಕಾರಿ ಔಷಧಿಯ ಮೇಲೆ ನಂಬಿಕೆ ಇಲ್ಲ, ನಮ್ಮ ಕೈಯಲ್ಲಿ ಜೀವ ಹೋದರೆ ಯಾರು ಹೊಣೆ ಎಂದು ನೀವು ಕೇಳುತ್ತೀರಿ. ಈ ಮಾತನ್ನು ನಾನು ತಳ್ಳಿಹಾಕಲಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸರ್ಕಾರವೇ ಸರಬರಾಜು ಮಾಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಹೋಯಿತು. ಅದನ್ನು ಓದಿದ ದಿನ ಆ ಸಲೈನ್ ಬಾಕ್ಸುಗಳ ಗೋಡೆ ಕಣ್ಣ ಮುಂದೆ ಬಂದು ನಿದ್ದೆ ಬರಲಿಲ್ಲ. ಆದರೆ ಡಾಕ್ಟರೇ, ಔಷಧಿಯ ಮೇಲೆ ಸಂಶಯ ಇದ್ದರೆ ಅದನ್ನು ಬರೆದು ತಿಳಿಸುವ ದಾರಿ ಇದೆ. ಬ್ಯಾಚ್ ನಂಬರ್ ಹಾಕಿ ಆಸ್ಪತ್ರೆಯ ಮುಖ್ಯಸ್ಥರಾದ ಎಎಂಓಗೆ, ಜಿಲ್ಲೆಯ ಆರೋಗ್ಯಾಧಿಕಾರಿಯಾದ ಡಿಎಚ್‌ಓಗೆ, ಡ್ರಗ್ಸ್ ಕಂಟ್ರೋಲಿನವರಿಗೆ ಪತ್ರ ಹಾಕಬಹುದು. ನನ್ನ ಸರ್ವೀಸಿನಲ್ಲಿ ಹಾಗೆ ಬರೆದ ಡಾಕ್ಟರು ಇಬ್ಬರು. ಇಬ್ಬರೂ ಹೊರಗೆ ಚೀಟಿ ಬರೆಯದವರು. ಒಂದು ಔಷಧಿ ನಿಜಕ್ಕೂ ಖಾಲಿಯಾಗಿದ್ದರೆ ಆಸ್ಪತ್ರೆಯೇ ಸ್ಥಳೀಯವಾಗಿ ಕೊಂಡು ಕೊಡಬೇಕು, ಅದಕ್ಕೇ ಆರೋಗ್ಯ ರಕ್ಷಾ ಸಮಿತಿಯ ಹಣ ಇರುವುದು. ಬಿಲ್ಲು, ಕೊಟೇಶನ್ನು, ಆಡಿಟ್ಟು, ತಲೆನೋವು ಹೌದು. ಆ ತಲೆನೋವನ್ನು ನಾವೆಲ್ಲ ಸೇರಿ ರೋಗಿಯ ತಲೆಗೆ ಕಟ್ಟಿದೆವು.

ಪ್ರೈವೇಟಿನಲ್ಲಾದರೆ ಇದಕ್ಕೆ ಹತ್ತು ಪಟ್ಟು ಆಗುತ್ತಿತ್ತು, ನಾವು ತೆಗೆದುಕೊಂಡದ್ದು ಎಷ್ಟು ಮಹಾ ಅನ್ನುವುದು ನಿಮ್ಮ ಇನ್ನೊಂದು ಮಾತು. ಈ ವಾದಕ್ಕೆ ನನ್ನ ಹತ್ತಿರ ಬಹಳ ದಿನ ಉತ್ತರ ಇರಲಿಲ್ಲ. ನಿಜವಾಗಿ ನೋಡಿದರೆ ಮೂರು ಸಾವಿರದಲ್ಲಿ ಸಿಸೇರಿಯನ್ ಅಗ್ಗವೇ. ಆಮೇಲೆ ಹೊಳೆಯಿತು: ಅವನು ಪ್ರೈವೇಟಿಗೆ ಹೋಗುವವನಾಗಿದ್ದರೆ ಆ ಮಾತು ಸರಿ. ಅವನ ಪಾಲಿಗೆ ನೀವು ಬಿಟ್ಟರೆ ಉಳಿದ ದಾರಿ ಮನೆ. ಮೊದಲ ಮಗಳಿಗೆ ಮೂರು ಸಾವಿರ ಕಟ್ಟಿದವನು ಎರಡನೆಯವಳ ನೋವು ಶುರುವಾದಾಗ ‘ಇನ್ನೊಂದು ಸ್ವಲ್ಪ ಹೊತ್ತು ನೋಡೋಣ’ ಅನ್ನುತ್ತಾನೆ. ಆ ಸ್ವಲ್ಪ ಹೊತ್ತು ಎಷ್ಟು ದುಬಾರಿ ಅಂತ ಹೆರಿಗೆ ಮಾಡಿಸುವ ನಿಮಗೆ ನಾನು ಹೇಳಬೇಕೆ?

ಮೆಡಿಕಲ್ ಸೀಟಿಗೆ ಕೊಟ್ಟದ್ದು, ಪೋಸ್ಟಿಂಗಿಗೆ ಕೊಟ್ಟದ್ದು, ಇವುಗಳ ಲೆಕ್ಕವನ್ನೂ ನನ್ನೆದುರು ಒಬ್ಬರು ತೆಗೆದಿದ್ದರು. ಅದನ್ನು ನಿಮ್ಮಿಂದ ಇಸಕೊಂಡವರ ಹತ್ತಿರವೇ ವಸೂಲಿ ಮಾಡಿ. ಡೈರಿಗೆ ಹಾಲು ಹಾಕುವವನು ನಿಮಗೆ ಸೀಟು ಮಾರಿರಲಿಲ್ಲ.

ಖಾಸಗಿ ಆಸ್ಪತ್ರೆಯವರಿಗೂ ಈ ಕಾಗದದಲ್ಲಿ ಪಾಲಿದೆ. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಸರ್ಕಾರದ್ದು, ಉಳಿದದ್ದು ಅವರದ್ದು. ಈ ಎರಡನೆಯ ಸಾಲು ಇರುವುದರಿಂದಲೇ ಮೊದಲನೆಯ ಸಾಲಿನವರನ್ನು ಗೊಂದಲಕ್ಕೆ ಕೆಡವುವುದು ಸುಲಭ: “ಕಾರ್ಡಿದೆ ಸರಿ, ಡಿಫರೆನ್ಸ್ ಕಟ್ಟಬೇಕಾಗುತ್ತೆ.” ನನ್ನ ಭಾವಮೈದುನನಿಗೆ 2019ರಲ್ಲಿ ಎದೆನೋವು ಬಂದು ಒಂದು ನಗರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬಿಪಿಎಲ್ ಕಾರ್ಡು, ಎಲ್ಲ ಸರಿ, ಅಪ್ರೂವಲ್ಲೂ ಬಂತು. ಓಟಿಯ ಬಾಗಿಲಲ್ಲಿ ಒಬ್ಬ ಹುಡುಗ ಬಂದು, ಸ್ಕೀಮಿನ ಸ್ಟೆಂಟು ಸಾಧಾರಣದ್ದು, ಒಳ್ಳೆಯದು ಹಾಕಬೇಕಾದರೆ ಅರವತ್ತು ಸಾವಿರ ಅಂದ. ನನಗೆ ಒಂದು ಸಂಗತಿ ಗೊತ್ತಿತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತ್ತು. ಔಷಧಿ ಲೇಪಿಸಿದ ಸ್ಟೆಂಟೇ ಮೂವತ್ತು ಸಾವಿರದ ಆಸುಪಾಸು. ಗೊತ್ತಿದ್ದೂ ಕಟ್ಟಿದೆ. ಪಕ್ಕದಲ್ಲಿ ತಂಗಿ ಅಳುತ್ತಾ ನಿಂತಿರುವಾಗ ಮೂವತ್ತೆರಡು ವರ್ಷದ ಸರ್ವೀಸೂ ಕೆಲಸಕ್ಕೆ ಬರುವುದಿಲ್ಲ. ರಸೀದಿ ಕೇಳಿದ್ದಕ್ಕೆ ಬಿಳಿ ಹಾಳೆಯ ಮೇಲೆ ‘ಅಡ್ವಾನ್ಸ್’ ಎಂದು ಬರೆದುಕೊಟ್ಟರು. ಆ ಮಳೆಯ ರಾತ್ರಿಯ ಮನುಷ್ಯ ನನಗೆ ಪೂರ್ತಿ ಅರ್ಥವಾದದ್ದು ಆ ಬಾಗಿಲಲ್ಲಿ.

ಆ ಕಾರ್ಡಿನಲ್ಲಿ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಇದ್ದರೆ ಬೇರೆ ಮಾತು, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ನಮ್ಮಲ್ಲಿ ಆಗದ ಚಿಕಿತ್ಸೆ ಇದು ಎಂದು ನೀವು ಸಹಿ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಸಹಿಗೂ ಬೆಲೆ ಬಂತು. ಒಂದು ಕಡೆ ರೋಗಿಯಿಂದ, ಇನ್ನೊಂದು ಕಡೆ ಕಳಿಸಿಕೊಂಡ ಆಸ್ಪತ್ರೆಯಿಂದ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯಬಾರದು ಅಂತ ನಿಮ್ಮದೇ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳಲ್ಲಿ ಇದೆ. ನೀವು ಓದಿಯೇ ಪಾಸಾಗಿರುತ್ತೀರಿ.

ಏನು ಮಾಡಬೇಕು ಅಂತ ಉಪದೇಶ ಮಾಡಲು ನನಗೆ ಮುಖವಿಲ್ಲ. ಆದರೂ ಕಿಟಕಿಯಲ್ಲಿ ಕೂತವನಿಗೆ ಹೊಳೆದ ಒಂದೆರಡು ಮಾತು. ಹೊರಗೆ ಬರೆಯಲೇಬೇಕಾದರೆ ಕೇಸ್ ಶೀಟಿನಲ್ಲೂ ಅದನ್ನೇ ಬರೆಯಿರಿ, ಸಹಿ ಮಾಡಿ, ಸೀಲು ಹಾಕಿ. ಬರೆಯಲು ಕೈ ಹಿಂಜರಿಯುವ ಔಷಧಿ ಬೇಕಾಗಿರಲಿಲ್ಲ ಅಂತಲೇ ಅರ್ಥ. ಎರಡನೆಯದು, ಬೋರ್ಡನ್ನು ನಂಬಬೇಡಿ. ಬೋರ್ಡಿನ ಮುಂದೆ ಬಾಕ್ಸು ಪೇರಿಸಲು ನನ್ನಂಥವನೊಬ್ಬ ಎಲ್ಲ ಕಡೆಯೂ ಇರುತ್ತಾನೆ. ಬೆಳಗಿನ ರೌಂಡ್ಸಿನಲ್ಲಿ ವಾರ್ಡಿನ ನಡುವೆ ನಿಂತು ನೀವೇ ಬಾಯಿಬಿಟ್ಟು ಹೇಳಿ: ಇಲ್ಲಿ ಯಾರಿಗೂ ದುಡ್ಡು ಕೊಡಬೇಡಿ, ನನಗೂ. ಸಿಸ್ಟರ್, ಆಯಾ, ಓಟಿ ಬಾಯ್ ಕೇಳಿಸಿಕೊಳ್ಳುವ ಹಾಗೆ ಹೇಳಿ. ಆ ‘ನನಗೂ’ ಇದೆಯಲ್ಲ, ಅದನ್ನು ಹೇಳಿದ ಮೇಲೆ ನಿಮ್ಮ ಹೆಸರಲ್ಲಿ ಬೇರೆಯವರು ಎತ್ತುವುದೂ ನಿಲ್ಲುತ್ತದೆ. ಏಕೆಂದರೆ ಡಾಕ್ಟರಿಗೆ ಅಂತ ಎತ್ತಿದ್ದರಲ್ಲಿ ಡಾಕ್ಟರಿಗೆ ಮುಟ್ಟದೇ ಇದ್ದದ್ದನ್ನೂ ನಾನು ನೋಡಿದ್ದೇನೆ.

ಇದು ಒಂದು ದಿನದಲ್ಲಿ ಆಗುವುದಿಲ್ಲ ಅನ್ನುವುದಕ್ಕೆ ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ.

2016ರಲ್ಲಿ ನಮ್ಮಲ್ಲಿಗೆ ಒಬ್ಬ ಹೊಸ ಮೇಡಂ ಬಂದರು. ಉತ್ತರ ಕರ್ನಾಟಕದವರು, ಮಾತು ಒರಟು, ಕೈ ಬಹಳ ಮೆದು. ಬಂದ ವಾರದಲ್ಲೇ ಒಂದು ರಾತ್ರಿ ಸಿಸೇರಿಯನ್ ಕೇಸು. ಹುಡುಗಿಯ ಅಜ್ಜಿ ಓಟಿ ಬಾಗಿಲಲ್ಲಿ ಮೇಡಂ ಕೈಗೆ ಕವರು ಹಿಡಿದಳು. ಮೇಡಂ ಅದನ್ನು ವಾಪಸ್ಸು ಅಜ್ಜಿಯ ಮಡಿಲಿಗೇ ತುರುಕಿ, “ಒಳಗ ಇಟ್ಕೋರಿ, ಏನೂ ಬ್ಯಾಡ” ಅಂದು ಒಳಗೆ ಹೋದರು. ಅಜ್ಜಿಯ ಮುಖ ಬಿಳುಚಿಕೊಂಡಿತು. ನೆಟ್ಟಗೆ ನನ್ನ ಕಿಟಕಿಗೆ ಬಂದಳು.

“ಕಾಂಪೋಂಡ್ರೇ, ಮೇಡಮ್ಮಾರು ದುಡ್ಡು ಈಸ್ಕಳ್ಳಿಲ್ಲ. ಕಮ್ಮಿಯಾಯ್ತೇನೋ. ಎಷ್ಟು ಕೊಡ್ಬೇಕಿತ್ತು?”

“ಏನೂ ಕೊಡ್ಬೇಕಾಗಿಲ್ಲ ಅಜ್ಜಿ. ಎಲ್ಲಾ ಪುಕ್ಕಟೆ.”

ಅವಳು ನನ್ನನ್ನು ನೋಡಿದ ನೋಟದಲ್ಲಿ ನಂಬಿಕೆ ಇರಲಿಲ್ಲ. ಬಾಯಿಬಿಡದ ದಲ್ಲಾಳಿಯನ್ನು ಸಂತೆಯಲ್ಲಿ ನೋಡುವ ಹಾಗೆ ನೋಡಿದಳು. ಹೋಗಿ ಓಟಿಯ ಮುಂದಿನ ಬೆಂಚಿನ ಮೇಲೆ ಕೂತಳು, ಕವರು ಮಡಿಲಲ್ಲಿ. ಎರಡು ಗಂಟೆಯ ಹೊತ್ತಿಗೆ ಕೂಸು ಅತ್ತದ್ದು ಕೇಳಿಸಿತು. ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಸಿಸ್ಟರ್ ಬಂದು ಹೇಳಿದರು. ಆದರೂ ಬೆಳಗಿನ ಜಾವ ಅಜ್ಜಿ ಮತ್ತೆ ಕಿಟಕಿಗೆ ಬಂದಳು. ಈ ಸಲ ದನಿ ಇನ್ನೂ ಸಣ್ಣದಾಗಿತ್ತು.

“ದುಡ್ಡು ಈಸ್ಕಳ್ದೇ ಮಾಡವ್ರೆ. ಸರ್ಯಾಗಿ ಹೊಲ್ದವ್ರಾ, ನೋಡೇಳಿ.”

ನಾನು ಕಿಟಕಿ ಹಾಕಿ ಅವಳ ಜೊತೆ ವಾರ್ಡಿಗೆ ಹೋದೆ. ಹಾಸಿಗೆಯ ತಲೆಯ ಕಡೆ ತೂಗುಹಾಕಿದ್ದ ಕೇಸ್ ಶೀಟು ತೆಗೆದು ಒಂದೊಂದೇ ಸಾಲು ಓದಿ ಹೇಳಿದೆ. ಇಷ್ಟು ಗಂಟೆಗೆ ಈ ಇಂಜೆಕ್ಷನ್ನು, ಇಷ್ಟು ಗಂಟೆಗೆ ಈ ಡ್ರಿಪ್ಪು, ದಾರ ಇಂಥದ್ದು, ಎಲ್ಲ ನಮ್ಮ ಸ್ಟಾಕಿನದೇ, ನಾನೇ ಕೊಟ್ಟದ್ದು. ಅಜ್ಜಿ ತಲೆಯಾಡಿಸುತ್ತಾ ಕೇಳಿದಳು. ಆಮೇಲೆ ಕವರನ್ನು ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡಳು. ಸಂಚಿಯ ದಾರ ಮಾತ್ರ ಬಿಗಿಯಲಿಲ್ಲ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಕಾಂಪೋಂಡ್ರು